ರೂಟರ್, ಸ್ವಿಚ್, ಕ್ಯಾಮೆರಾ ಆಫ್‌ಲೈನ್ ಆದರೆ ಫೋನ್‌ಗೆ ಮೆಸೇಜ್ ಬರಲು ಪಿಂಗ್ ಒಂದೇ ಸಾಕಾ?

ಆಫೀಸಿನಲ್ಲಿ ಸುಮಾರು 30 ಸಾಧನಗಳಿವೆ, ನಿಮಿಷಕ್ಕೊಮ್ಮೆ ಪಿಂಗ್ ಮಾಡಿ (ಅಂದರೆ ನೆಟ್‌ವರ್ಕ್‌ನಲ್ಲಿ 'ಇದ್ದೀಯಾ' ಅಂತ ಕೇಳಿ), ಉತ್ತರ ಬಾರದಿದ್ದರೆ ಮೆಸೇಜ್ ಕಳಿಸಿದರೆ ಆಯ್ತಲ್ವಾ ಅಂತ ಕೇಳಿದ್ದೀರಿ. ಶುರು ಮಾಡಲು ಸಾಕು. ಆದರೆ ಅಷ್ಟಕ್ಕೇ ಬಿಟ್ಟರೆ ಸ್ವಲ್ಪ ದಿನದಲ್ಲಿ ನೀವೇ ಅದನ್ನು ಮ್ಯೂಟ್ ಮಾಡುತ್ತೀರಿ. ನಾನು ಮಾಡಿದ್ದೆ.

ಒಂದು ರಾತ್ರಿ ಮೇಲಿನ ಮಹಡಿಯ ಸಾಧನಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಸ್ವಿಚ್ ಕೈಕೊಟ್ಟಿತು. ಎದ್ದು ಫೋನ್ ನೋಡಿದರೆ 14 ಮೆಸೇಜ್. ಕ್ಯಾಮೆರಾ ಡೌನ್, ಪ್ರಿಂಟರ್ ಡೌನ್, ಆಕ್ಸೆಸ್ ಪಾಯಿಂಟ್ ಡೌನ್. ಕೆಟ್ಟಿದ್ದು ಸ್ವಿಚ್ ಒಂದೇ, ಅದರ ಮೆಸೇಜ್ ಎಲ್ಲೋ ನಡುವೆ ಹೂತುಹೋಗಿತ್ತು. ಹಾಗಾಗಿ ಯಾವ ಸಾಧನ ಯಾವುದರ ಹಿಂದೆ ಇದೆ ಅಂತ ಸಾಫ್ಟ್‌ವೇರ್‌ಗೆ ಹೇಳಿಕೊಡಿ. ನಾಗಿಯೋಸ್ ಅನ್ನುವ ಮಾನಿಟರಿಂಗ್ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ 'ಪೇರೆಂಟ್ಸ್' ಅನ್ನುವ ಸಾಲು ಇದೆ. ಸ್ವಿಚ್ ಬಿದ್ದರೆ ಅದರ ಹಿಂದಿನವು 'ಡೌನ್' ಆಗುವುದಿಲ್ಲ, 'ಅನ್‌ರೀಚಬಲ್' ಆಗುತ್ತವೆ. ಆ ಸ್ಥಿತಿಗೆ ಮೆಸೇಜ್ ಬೇಡ ಅಂತಲೂ ಸೆಟ್ ಮಾಡಬೇಕು, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಝ್ಯಾಬಿಕ್ಸ್‌ನಲ್ಲಿ 'ಟ್ರಿಗರ್ ಡಿಪೆಂಡೆನ್ಸಿ' ಅನ್ನುವ ಸೆಟ್ಟಿಂಗ್ ಇದೇ ಕೆಲಸ ಮಾಡುತ್ತದೆ. ಇವೆರಡೂ ತಲೆನೋವು ಅನಿಸಿದರೆ ಅಪ್‌ಟೈಮ್ ಕುಮಾ ಅನ್ನುವ ಸಾಫ್ಟ್‌ವೇರ್ ತುಂಬಾ ಸುಲಭ, ಟೆಲಿಗ್ರಾಮ್‌ಗೂ ಮೆಸೇಜ್ ಕಳಿಸುತ್ತದೆ.

ಯಾವುದನ್ನೇ ಹಾಕಿ, ಒಂದು ಪಿಂಗ್ ತಪ್ಪಿದ ಕೂಡಲೇ ಕೂಗಲು ಬಿಡಬೇಡಿ. ಸತತ 3 ಸಲ ತಪ್ಪಿದರೆ ಮಾತ್ರ ಮೆಸೇಜ್. ಎರಡು ಮೂರು ನಿಮಿಷ ತಡವಾಗುತ್ತದೆ, ಆಗಲಿ ಬಿಡಿ. ಐಪಿ ವಿಳಾಸಗಳನ್ನೂ ಡಿಎಚ್‌ಸಿಪಿಯಲ್ಲಿ (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ರಿಸರ್ವ್ ಮಾಡಿ. ಇಲ್ಲದಿದ್ದರೆ ವಿಳಾಸ ಬದಲಾಗಿ, ಚೆನ್ನಾಗಿರುವ ಪ್ರಿಂಟರ್ ಸುಮ್ನೆ ಡೌನ್ ಅಂತ ತೋರಿಸುತ್ತದೆ.

ಕ್ಯಾಮೆರಾಗಳಿಗಂತೂ ಪಿಂಗ್ ನಂಬಬೇಡಿ. ಪಿಂಗ್‌ಗೆ ಉತ್ತರ ಕೊಡುತ್ತಾ ವೀಡಿಯೊ ನಿಲ್ಲಿಸಿರುವ ಕ್ಯಾಮೆರಾ ನೋಡಿದ್ದೇನೆ. ಕ್ಯಾಮೆರಾ ವೀಡಿಯೊ ಕೊಡಲು ಬಳಸುವ ಆರ್‌ಟಿಎಸ್‌ಪಿ ಪೋರ್ಟ್, ಸಾಮಾನ್ಯವಾಗಿ 554, ತೆರೆದಿದೆಯಾ ಅಂತಲೂ ಚೆಕ್ ಹಾಕಿ.

ಇನ್ನು ಇಂಟರ್ನೆಟ್ಟೇ ಹೋದರೆ? 'ರೂಟರ್ ಡೌನ್' ಅನ್ನುವ ಮೆಸೇಜ್ ಹೊರಗೆ ಹೋಗಬೇಕಾದ್ದು ಅದೇ ರೂಟರ್ ಮೂಲಕ! ಇದಕ್ಕೆ ಉಲ್ಟಾ ಲೆಕ್ಕ ಬೇಕು. ನಿಮ್ಮ ಮಾನಿಟರಿಂಗ್ ಯಂತ್ರ 5 ನಿಮಿಷಕ್ಕೊಮ್ಮೆ ಹೊರಗಿನ ಸೇವೆಯೊಂದಕ್ಕೆ 'ಇದ್ದೇನೆ' ಅಂತ ಹೇಳುತ್ತಿರಲಿ. ದನಿ ನಿಂತರೆ ಆ ಸೇವೆಯೇ ನಿಮಗೆ ತಿಳಿಸುತ್ತದೆ. ಹೆಲ್ತ್‌ಚೆಕ್ಸ್ ಡಾಟ್ ಐಒ ಮಾಡುವುದು ಇದನ್ನೇ. ಮಾನಿಟರಿಂಗ್ ಯಂತ್ರವೇ ಸತ್ತರೂ ಹೀಗೇ ಗೊತ್ತಾಗುತ್ತದೆ.

ಎಲ್ಲ ಆದ ಮೇಲೆ ಒಂದು ಕ್ಯಾಮೆರಾದ ಕೇಬಲ್ ಕಿತ್ತು, ಎಷ್ಟು ಹೊತ್ತಿಗೆ ಮೆಸೇಜ್ ಬಂತು, ಮತ್ತೆ ಚುಚ್ಚಿದಾಗ 'ಅಪ್' ಅಂತ ಬಂತಾ ನೋಡಿ. ಆಮೇಲೆ ಇಂಟರ್ನೆಟ್ ಕೇಬಲ್. ಅದನ್ನು ಕೀಳುವ ಮುಂಚೆ ಆಫೀಸಿನವರಿಗೆ ಹೇಳಿಬಿಡಿ, ಇಲ್ಲದಿದ್ದರೆ ಅಲರ್ಟ್‌ಗಿಂತ ಮೊದಲು ಅವರ ಫೋನ್ ಬರುತ್ತದೆ.