ಗೋಡೆಗೆ ಅಮೃತಶಿಲೆಯ ಬಣ್ಣಗಾರಿಕೆ: ಗ್ಲೇಜ್ ಕೊಳ್ಳುವ ಮೊದಲು ತಳಬಣ್ಣವನ್ನು ನೋಡಿ

ಮ್ಯಾಟ್ ಎಮಲ್ಷನ್ (ಹೊಳಪಿಲ್ಲದ ನೀರಿನ ಬಣ್ಣ) ಬಳಿದಿರುವ ಇಡೀ ಗೋಡೆಯ ಮೇಲೆ ಅಮೃತಶಿಲೆಯ ವಿನ್ಯಾಸ ಮೂಡಿಸಲು ಎಣ್ಣೆಯ ಗ್ಲೇಜ್ (ಬಣ್ಣ ಬೆರೆಸಿ ತಳಬಣ್ಣದ ಮೇಲೆ ಹಚ್ಚುವ ಪಾರದರ್ಶಕ ದ್ರವ) ಒಳ್ಳೆಯದೋ ನೀರಿನದೋ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆಯನ್ನು ಹಿಡಿದು ಎರಡು ವಾರ ಓದಿದೆ. ಗೋಡೆಯನ್ನು ಮಾತ್ರ ಮುಟ್ಟಿ ನೋಡಲಿಲ್ಲ.

ನನ್ನದು ಹನ್ನೆರಡು ಅಡಿ ಅಗಲದ ಗೋಡೆ. ಬಿಳಿ ಮ್ಯಾಟ್ ಬಣ್ಣ ಹೊಸದಾಗಿತ್ತು, ಒಂದು ಬಿರುಕೂ ಇರಲಿಲ್ಲ. ಅದೇ ತಳಬಣ್ಣವಾಗಲಿ ಎಂದುಕೊಂಡೆ. ನಾಲ್ಕು ಪಾಲು ನೀರಿನ ಗ್ಲೇಜ್‌ಗೆ ಒಂದು ಪಾಲು ಬೂದು ಬಣ್ಣ ಬೆರೆಸಿ ಎಡ ಮೂಲೆಯಿಂದ ಹಚ್ಚತೊಡಗಿದೆ. ಎರಡಡಿ ಅಗಲ ಹಚ್ಚಿ, ಒದ್ದೆ ಸ್ಪಂಜನ್ನು ಒತ್ತಿ ಮೋಡದಂಥ ಛಾಯೆ ತರಲು ಹೋದರೆ ಬಣ್ಣ ಕದಲಲೇ ಇಲ್ಲ. ಕುಂಚ ಎಳೆದ ಗೀರುಗಳು ಹಾಗೆಯೇ ಕಚ್ಚಿಕೊಂಡಿದ್ದವು. ಗ್ಲೇಜ್ ಗಟ್ಟಿಯಾಯಿತೆಂದು ನೀರು ಸೇರಿಸಿದೆ. ಆಗ ಅದು ಕೆಲವೆಡೆ ಇಳಿದು ಹರಿಯಿತು, ಉಳಿದೆಡೆ ಇನ್ನೂ ಬೇಗ ಇಂಗಿತು. ಅರೆಬರೆ ಒಣಗಿದ ಜಾಗವನ್ನು ಸರಿಪಡಿಸಲು ಮತ್ತೆ ಸ್ಪಂಜು ಒತ್ತಿದಾಗ ಬಣ್ಣ ಚಕ್ಕೆಯಂತೆ ಎದ್ದು ಬಂದು, ಕೆಳಗಿನ ಬಿಳಿ ಕಂಡಿತು. ಒಣಗಿದ ಅಂಚಿನ ಮೇಲೆ ಹೊಸ ಗ್ಲೇಜ್ ಬಿದ್ದಲ್ಲೆಲ್ಲ ಬಣ್ಣ ಇಮ್ಮಡಿಯಾಗಿ, ಮೇಲಿನಿಂದ ನೆಲದವರೆಗೆ ಐದು ಕಪ್ಪು ಪಟ್ಟಿಗಳು ಉಳಿದವು. ಸಂಜೆ ಕಿಟಕಿಯ ಬೆಳಕು ಪಕ್ಕದಿಂದ ಬಿದ್ದಾಗ ಕಣ್ಣಿಗೆ ಬೇರೇನೂ ಕಾಣುತ್ತಿರಲಿಲ್ಲ.

ಈ ತಪ್ಪನ್ನು ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಅದರ ನಂತರ ಏನು ಮಾಡಿದರೂ ಗೋಡೆ ಸರಿಹೋಗುವುದಿಲ್ಲ. ಗ್ಲೇಜ್ ಎಂಬುದು ಸ್ವಲ್ಪ ಬಣ್ಣವನ್ನು ತೇಲಿಸಿಟ್ಟುಕೊಳ್ಳುವ ಪಾರದರ್ಶಕ ದ್ರವ. ಅದು ಮೇಲ್ಮೈಯ ಮೇಲೆ ಹಸಿಯಾಗಿ ನಿಂತಿರುವಷ್ಟು ಹೊತ್ತು ಮಾತ್ರ ಸ್ಪಂಜಿಗಾಗಲಿ ಬಟ್ಟೆಗಾಗಲಿ ಕೆಲಸವಿರುತ್ತದೆ. ಮ್ಯಾಟ್ ಬಣ್ಣದಲ್ಲಿ ಪುಡಿಯ ಅಂಶ ಹೆಚ್ಚು, ಅದನ್ನು ಹಿಡಿದಿಡುವ ಅಂಟಿನ ಅಂಶ ಕಡಿಮೆ. ಹಾಗಾಗಿ ಅದು ಒಣಗಿದ ಮೇಲೂ ಸೂಕ್ಷ್ಮ ರಂಧ್ರಗಳಿಂದ ತುಂಬಿದ್ದು, ಗ್ಲೇಜ್‌ನ ನೀರನ್ನು ಹಚ್ಚಿದ ಕೂಡಲೇ ಹೀರಿಕೊಳ್ಳುತ್ತದೆ. ಡಬ್ಬಿಯ ಮೇಲೆ ಬರೆದಿರುವ ಹದಿನೈದು ಇಪ್ಪತ್ತು ನಿಮಿಷಗಳ ಅವಧಿ ನೀರು ಹೀರದ ಗೋಡೆಗೆ ಹೇಳಿದ್ದು. ನಿಮ್ಮ ಗೋಡೆಯ ಮೇಲೆ ಒಂದು ಹನಿ ನೀರು ಇಟ್ಟು ನೋಡಿ. ಹನಿಯ ಸುತ್ತ ಬಣ್ಣ ಕೂಡಲೇ ಕಪ್ಪಿಟ್ಟರೆ ಗೋಡೆ ಕುಡಿಯುತ್ತಿದೆ ಎಂದರ್ಥ; ಹನಿ ಮಣಿಯಂತೆ ನಿಂತರೆ ಕೆಲಸ ಆರಂಭಿಸಬಹುದು. ನಾನು ಕೊನೆಗೆ ಎಲ್ಲವನ್ನೂ ಉಜ್ಜಿ, ಅಷ್ಟಾಗಿ ನೀರು ಹೀರದ, ಸ್ಯಾಟಿನ್ ಎಂಬ ನಸುಹೊಳಪಿನ ಬಣ್ಣವನ್ನು ಎರಡು ಸಲ ಬಳಿದು, ಪೂರ್ತಿ ಒಣಗಲು ಬಿಟ್ಟು ಮೊದಲಿನಿಂದ ಶುರುಮಾಡಿದೆ. ಆಗ ಅದೇ ಗ್ಲೇಜ್, ಅದೇ ಸ್ಪಂಜು ಹೇಳಿದಂತೆ ಕೇಳಿದವು.

ಇನ್ನು ಇಡೀ ಗೋಡೆಯನ್ನು ಒಂದೇ ಶಿಲೆಯಂತೆ ಮಾಡುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ನಿಜವಾದ ಅಮೃತಶಿಲೆ ಹಲಗೆಗಳಾಗಿ ಬರುತ್ತದೆ, ಹಲಗೆಗಳ ನಡುವೆ ಸಂದು ಇರುತ್ತದೆ. ಕ್ರಿಸ್ತಪೂರ್ವ 2ನೆಯ ಶತಮಾನದಲ್ಲಿ ಇಟಲಿಯ ಪ್ರಾಚೀನ ನಗರ ಪೊಂಪೆಯ ಕುಶಲಕರ್ಮಿಗಳು ಗಾರೆಯಲ್ಲಿ ಶಿಲೆಯನ್ನು ಅನುಕರಿಸಿದಾಗಲೂ ಗೋಡೆಯನ್ನು ಕಲ್ಲುಗಳಂತೆ ವಿಂಗಡಿಸಿಯೇ ಬಣ್ಣ ಹಚ್ಚಿದ್ದರು. ಟೇಪ್ ಅಂಟಿಸಿ ಹಲಗೆಗಳನ್ನು ಗುರುತಿಸಿ, ಒಂದು ಬಿಟ್ಟು ಒಂದರಂತೆ ಮುಗಿಸಿ. ಅವು ಒಣಗಿದ ಮೇಲೆ ಉಳಿದವನ್ನು ಹಿಡಿಯಿರಿ. ಹಸಿ ಅಂಚನ್ನು ಕಾಯುವ ತೊಂದರೆಯೂ ಇದರಿಂದ ತಪ್ಪುತ್ತದೆ.

ಗೆರೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಒಂದು ನಿಜವಾದ ಕಲ್ಲಿನ ತುಂಡನ್ನು ಎದುರಿಗೆ ಇಟ್ಟುಕೊಳ್ಳದೆ ಬರೆಯಬೇಡಿ. ಶಿಲೆಯ ಬಿರುಕುಗಳಲ್ಲಿ ಬೇರೆ ಖನಿಜಗಳು ತುಂಬಿಕೊಂಡೇ ಎಷ್ಟೋ ಗೆರೆಗಳಾಗಿವೆ. ಆದ್ದರಿಂದ ಅವು ಹೆಚ್ಚಾಗಿ ಒಂದೇ ಓರೆಯಲ್ಲಿ ಸಾಗುತ್ತವೆ, ಒಮ್ಮೆ ದಪ್ಪವಾಗಿ ಒಮ್ಮೆ ಎಳೆಯಂತೆ ತೆಳುವಾಗುತ್ತವೆ, ಕವಲೊಡೆದು ಮತ್ತೆ ಕೂಡುತ್ತವೆ. ಮರದ ಕೊಂಬೆಗಳಂತೆ ಹರಡಿದ ಗೆರೆಗಳನ್ನು ನೋಡಿದೊಡನೆ ಅದು ಬಣ್ಣವೆಂದು ಗೊತ್ತಾಗುತ್ತದೆ. ತೆಳು ಕುಂಚವನ್ನು ಹಿಡಿಯ ತುದಿಯಲ್ಲಿ ಸಡಿಲವಾಗಿ ಹಿಡಿದು, ಬೆರಳುಗಳಲ್ಲಿ ಹೊರಳಿಸುತ್ತ ಎಳೆಯಿರಿ. ಗೆರೆ ಹಸಿಯಾಗಿರುವಾಗಲೇ ಒಣ ಮೃದು ಕುಂಚವನ್ನು ಅದರ ಮೇಲೆ ತೀರ ಹಗುರವಾಗಿ ಆಡಿಸಿದರೆ ಅಂಚು ಕರಗಿ ಗೆರೆ ಕಲ್ಲಿನೊಳಗೆ ಇಳಿದಂತೆ ಕಾಣುತ್ತದೆ.

ನೀವು ಕೇಳಿದ ಪ್ರಶ್ನೆಗೆ ಬಂದರೆ, ಎಣ್ಣೆಯ ಗ್ಲೇಜ್ ಕೈಗೆ ಹೆಚ್ಚು ಸಮಯ ಕೊಡುತ್ತದೆ. ಆದರೆ ಅದರಲ್ಲಿ ಸಾಮಾನ್ಯವಾಗಿ ಬಳಸುವ ಅಗಸೆ ಎಣ್ಣೆ ಕಾಲಕ್ರಮೇಣ, ಅದರಲ್ಲೂ ಬೆಳಕು ಕಡಿಮೆಯಿರುವಲ್ಲಿ, ಹಳದಿಯಾಗುತ್ತದೆ. ಬಿಳಿ ಶಿಲೆಗೆ ನಾನು ನೀರಿನದನ್ನೇ ಹೇಳುತ್ತೇನೆ. ಎಣ್ಣೆಯದನ್ನೇ ಆರಿಸಿಕೊಂಡರೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಬಿಸಾಡಬೇಡಿ. ಅಗಸೆ ಎಣ್ಣೆ ಒಣಗುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಸಿಕ್ಕಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಅವನ್ನು ಮನೆಯ ಹೊರಗೆ ಒಂದೊಂದಾಗಿ ಬಿಡಿಸಿ ಹರವಿ ಪೂರ್ತಿ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ.