ಒಬ್ಬಳೇ ನಟಿ, ಇಡೀ ಕಿತ್ತೂರು

ಪ್ರಶ್ನೆ: ಕಿತ್ತೂರು ರಾಣಿ ಚೆನ್ನಮ್ಮನ ಬದುಕನ್ನು ಒಂದು ಗಂಟೆಯ ಏಕವ್ಯಕ್ತಿ ರಂಗಪ್ರಯೋಗವಾಗಿ ಬರೆಯುತ್ತಿದ್ದೇನೆ. ಸೈನ್ಯವೇ ಇಲ್ಲದೆ ಯುದ್ಧವನ್ನು ತೋರಿಸುವುದು ಹೇಗೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಯುದ್ಧವನ್ನು ತೋರಿಸಲೇಬೇಕೆಂಬ ಹಟವನ್ನು ಮೊದಲು ಬಿಡಿ. 1824ರ ಅಕ್ಟೋಬರ್ 23ರಂದು ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಹತನಾದದ್ದು ರೋಚಕ ಪ್ರಸಂಗವೇ ಆದರೂ, ಒಬ್ಬಳೇ ನಟಿ ಕತ್ತಿ ಬೀಸುತ್ತ ರಂಗದ ತುಂಬ ಓಡಾಡಿದರೆ ಅದು (ಬೇಸರಿಸಬೇಡಿ) ಶಾಲೆಯ ಛದ್ಮವೇಷ ಸ್ಪರ್ಧೆಯಂತೆ ಕಾಣುತ್ತದೆ. ಏಕವ್ಯಕ್ತಿ ಪ್ರಯೋಗಕ್ಕೆ ಹೇಳಿ ಮಾಡಿಸಿದಂತಿರುವುದು ಬೈಲಹೊಂಗಲದ ಸೆರೆವಾಸ. ಅದೇ ಡಿಸೆಂಬರ್‌ನಲ್ಲಿ ಕೋಟೆ ಕೈತಪ್ಪಿದ ಬಳಿಕ, 1829ರ ಫೆಬ್ರವರಿಯಲ್ಲಿ ತೀರಿಕೊಳ್ಳುವವರೆಗೆ ಆಕೆ ಬಂದಿಯಾಗಿಯೇ ಇದ್ದಳು. ಪತಿ ಮಲ್ಲಸರ್ಜನ ಅಗಲಿಕೆ, ಮಲಮಗ ಶಿವಲಿಂಗರುದ್ರ ಸರ್ಜನ ಮರಣ, ದತ್ತಕವನ್ನು ಕಂಪನಿ ಸರ್ಕಾರ ಒಪ್ಪದೆ ಹೋದದ್ದು, ಇವೆಲ್ಲವೂ ಅಲ್ಲಿ ಕುಳಿತವಳ ನೆನಪುಗಳಾಗಿ ಒಂದೊಂದಾಗಿ ಬರಬಹುದು. ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನು ಸೆರೆಯಲ್ಲಿರಿಸಿಕೊಂಡಿದ್ದ ಕಿತ್ತೂರಿನ ರಾಣಿ ಕೆಲವೇ ವಾರಗಳಲ್ಲಿ ತಾನೇ ಸೆರೆಯಾದ ಆ ತಿರುವಿಗೆ ಹೆಚ್ಚು ಹೊತ್ತು ಕೊಡಿ. ಥ್ಯಾಕರೆಯ ಮಾತನ್ನು ದನಿ ಬದಲಿಸಿ ಆಡಿಸುವುದಕ್ಕಿಂತ, ಅವನ ಪತ್ರವನ್ನು ಓದುವ ರಾಣಿಯ ಮುಖದಲ್ಲಿ ಅದನ್ನು ಕಾಣಿಸುವುದು ಮೇಲು. ಯುದ್ಧಕ್ಕೆ ತೆರೆಮರೆಯ ಒಂದು ನಗಾರಿ ಸಾಕು.