ವಾಚ್ ಹೇಳುವ ಕ್ಯಾಲೊರಿ ಲೆಕ್ಕ ನಂಬಬಹುದೇ?

ಪ್ರಶ್ನೆ: ನಾನು ದಿನವೂ ಒಂದೇ ದಾರಿಯಲ್ಲಿ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ ವಾಕಿಂಗ್ ಮಾಡುತ್ತೇನೆ. ಆದರೂ ಸ್ಮಾರ್ಟ್‌ವಾಚ್ ತೋರಿಸುವ ಹೃದಯ ಬಡಿತ ಮತ್ತು ಕ್ಯಾಲೊರಿ ದಿನಕ್ಕೊಂದು ಬಗೆಯಾಗಿರುತ್ತವೆ. ತೂಕ ಇಳಿಸಬೇಕಾಗಿರುವುದರಿಂದ, ಖರ್ಚಾದ ಕ್ಯಾಲೊರಿ ನೋಡಿಕೊಂಡೇ ಊಟದ ಪ್ರಮಾಣ ನಿರ್ಧರಿಸುತ್ತಿದ್ದೇನೆ. ಇದು ಸರಿಯೇ?

ಉತ್ತರ: ವಾಚಿನ ಕ್ಯಾಲೊರಿ ನೋಡಿ ಊಟ ಹೆಚ್ಚುಕಡಿಮೆ ಮಾಡುವುದನ್ನು ದಯವಿಟ್ಟು ನಿಲ್ಲಿಸಿ. ವಾಚ್ ಕ್ಯಾಲೊರಿಯನ್ನು ನೇರವಾಗಿ ಅಳೆಯುವುದಿಲ್ಲ. ನೀವು ನಮೂದಿಸಿದ ವಯಸ್ಸು, ತೂಕ, ಎತ್ತರಗಳ ಜೊತೆಗೆ ಹೃದಯ ಬಡಿತ ಮತ್ತು ಕೈಯ ಚಲನೆಯನ್ನು ಸೂತ್ರವೊಂದಕ್ಕೆ ಅಳವಡಿಸಿ ಅಂದಾಜು ಮಾಡುತ್ತದೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಆರು ಸಾಧನಗಳಲ್ಲಿ ಹೃದಯ ಬಡಿತದ ದೋಷ ಶೇ 5ಕ್ಕಿಂತ ಕಡಿಮೆಯಿತ್ತು. ಕ್ಯಾಲೊರಿಯಲ್ಲಿ ಮಾತ್ರ ಅತ್ಯುತ್ತಮ ಸಾಧನವೂ ಸರಾಸರಿ ಶೇ 27ರಷ್ಟು ತಪ್ಪಿತ್ತು, ಕಳಪೆಯದು ಶೇ 93ರಷ್ಟು. ಸಾಧನಗಳು ಆಮೇಲೆ ಸುಧಾರಿಸಿವೆಯಾದರೂ ಅಂದಾಜು ಅಂದಾಜೇ.

ಹೃದಯ ಬಡಿತದ ಮಾತು ಬೇರೆ. ವಾಚಿನ ಹಿಂಬದಿಯ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುವುದರಿಂದ, ಪ್ರತಿ ಬಡಿತಕ್ಕೂ ಚರ್ಮದಡಿಯ ರಕ್ತದ ಪ್ರಮಾಣ ಬದಲಾದಂತೆ ಮರಳಿ ಬರುವ ಬೆಳಕೂ ಬದಲಾಗುತ್ತದೆ. ಸುಮ್ಮನೆ ಕುಳಿತಾಗ ಈ ಲೆಕ್ಕ ಸಾಮಾನ್ಯವಾಗಿ ಸರಿಯಿರುತ್ತದೆ. ಆದರೆ ಪಟ್ಟಿ ಸಡಿಲವಾಗಿದ್ದರೆ, ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗಿದ್ದರೆ ಅಥವಾ ಸಂವೇದಕದ ಕೆಳಗೆ ಹಚ್ಚೆಯಿದ್ದರೆ ತಪ್ಪಬಹುದು. ನಡೆಯುವಾಗ ಇನ್ನೊಂದು ತೊಡಕಿದೆ: ಕೈ ಬೀಸುವ ಲಯವನ್ನೇ ವಾಚ್ ನಾಡಿಯ ಲಯವೆಂದು ಹಿಡಿದುಬಿಡುವುದುಂಟು. ನಿಮ್ಮ ಬಡಿತದ ಸಂಖ್ಯೆ ನಿಮಿಷಕ್ಕೆ ಇಡುವ ಹೆಜ್ಜೆಗಳ ಸಂಖ್ಯೆಗೆ ತೀರಾ ಹತ್ತಿರವಿದ್ದರೆ ಅನುಮಾನಿಸಿ. ಬಡಿತ ತಪ್ಪಿದರೆ ಅದನ್ನು ನೆಚ್ಚಿದ ಕ್ಯಾಲೊರಿಯೂ ತಪ್ಪುತ್ತದೆ. ನಿಮ್ಮ ವಾಚಿನ ಏರುಪೇರಿಗೆ ಇದೂ ಕಾರಣವಿರಬಹುದು. ಆದರೆ ನಿದ್ದೆ, ಬಿಸಿಲು, ಕಾಫಿಯಿಂದ ಬಡಿತ ನಿಜವಾಗಿಯೂ ಬದಲಾಗುತ್ತದೆ ಎಂಬುದನ್ನೂ ಮರೆಯಬಾರದು.

ಪರೀಕ್ಷಿಸುವುದು ಸುಲಭ. ನಡಿಗೆಯ ನಡುವೆ ನಿಂತ ಕೂಡಲೇ ಇನ್ನೊಂದು ಕೈಯ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 15 ಸೆಕೆಂಡ್ ನಾಡಿ ಎಣಿಸಿ, ನಾಲ್ಕರಿಂದ ಗುಣಿಸಿ, ಅದೇ ಹೊತ್ತಿನಲ್ಲಿ ವಾಚ್ ತೋರಿಸಿದ್ದರ ಜೊತೆ ಹೋಲಿಸಿ. ವಾಚನ್ನು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಿನಷ್ಟು ಮೇಲೆ, ಜಾರದ ಹಾಗೆ ಕಟ್ಟಿಕೊಳ್ಳಿ.

ಹೆಜ್ಜೆಯ ಎಣಿಕೆ ಸಾಕಷ್ಟು ನಂಬಲರ್ಹ, ತಳ್ಳುಗಾಡಿ ಹಿಡಿದು ನಡೆದಾಗ ಮಾತ್ರ ಕಡಿಮೆ ಬರಬಹುದು. ತೂಕದ ವಿಷಯದಲ್ಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ತೂಕ ನೋಡಿ ವಾರಗಳ ಏರಿಳಿತ ಗಮನಿಸಿ, ಅದಕ್ಕೆ ತಕ್ಕಂತೆ ಆಹಾರ ಹೊಂದಿಸಿಕೊಳ್ಳುವುದು ಮೇಲು. ಎದೆನೋವು, ತಲೆಸುತ್ತು ಕಾಣಿಸಿಕೊಂಡರೆ ವಾಚ್ ಎಲ್ಲವೂ ಸರಿಯಿದೆ ಎಂದು ತೋರಿಸುತ್ತಿದ್ದರೂ ತಡಮಾಡದೆ ವೈದ್ಯರನ್ನು ಕಾಣಿರಿ.